ಮೋಟರ್‌ಹೋಮ್‌ನಲ್ಲಿ ಬೆಟ್ಟ ದಾಟುವುದು: ಸುರಕ್ಷಿತ ದಾರಿ ಆರಿಸುವುದು ಹೇಗೆ?

ಫೋನಿನಲ್ಲಿ ಎರಡು ದಾರಿ ಕಾಣುತ್ತಿದೆ ಅಂದುಕೊಳ್ಳಿ. ಒಂದು ಬೆಟ್ಟದ ನೆತ್ತಿಯವರೆಗೆ ಹತ್ತಿ ಆಚೆ ಇಳಿಯುತ್ತದೆ, 60 ಕಿಲೋಮೀಟರ್. ಇನ್ನೊಂದು ಬೆಟ್ಟವನ್ನು ಬಳಸಿಕೊಂಡು ಹೋಗುತ್ತದೆ, 110 ಕಿಲೋಮೀಟರ್. ಕಾರಿನಲ್ಲಿದ್ದರೆ ಹೆಚ್ಚು ಯೋಚಿಸದೆ ಮೊದಲನೆಯದನ್ನೇ ಹಿಡಿಯುತ್ತೇವೆ. ಆದರೆ ನೀವು ಓಡಿಸುತ್ತಿರುವುದು ಎಂಟು ಮೀಟರ್ ಉದ್ದದ, ಐದು ಟನ್ ತೂಕದ, ಮೂರು ಮೀಟರ್‌ಗಿಂತ ಎತ್ತರದ ಗಾಡಿಯಾದರೆ?

ಮೋಟರ್‌ಹೋಮ್ ಅಂದರೆ ವ್ಯಾನ್, ಟ್ರಕ್ ಅಥವಾ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಪುಟ್ಟ ಮನೆ. ಮಲಗಲು ಜಾಗ, ಅಡುಗೆ ಒಲೆ, ನೀರಿನ ಟ್ಯಾಂಕು, ಬಚ್ಚಲು ಎಲ್ಲವೂ ಗಾಡಿಯೊಳಗೇ ಇರುತ್ತವೆ. ಇದನ್ನು ಬಾಡಿಗೆಗೆ ಹಿಡಿದು ರಜೆಗೆ ಹೊರಡುವವರಲ್ಲಿ ಎಷ್ಟೋ ಜನ ಅದುವರೆಗೆ ಓಡಿಸಿರುವುದು ಕಾರು ಮಾತ್ರ. ಕಾನೂನೂ ಅದಕ್ಕೆ ಅಡ್ಡ ಬರುವುದಿಲ್ಲ. ಯುರೋಪಿನ ದೇಶಗಳಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್ ಇದ್ದರೆ 3.5 ಟನ್‌ವರೆಗಿನ ಗಾಡಿ ಓಡಿಸಬಹುದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 26,000 ಪೌಂಡ್, ಅಂದರೆ ಸುಮಾರು 11.8 ಟನ್ ಒಳಗಿನ ಮೋಟರ್‌ಹೋಮ್‌ಗೆ ಬೇರೆ ಲೈಸೆನ್ಸೇ ಬೇಕಿಲ್ಲ. ಹೀಗಾಗಿ ದೊಡ್ಡ ಗಾಡಿ ಘಾಟಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರೂ ಹೇಳಿಕೊಡದೆಯೇ ಒಬ್ಬರು ಅದರ ಸ್ಟೀರಿಂಗ್ ಹಿಂದೆ ಕೂರಬಹುದು.

ಕಾರಿಗೆ ಬೆಟ್ಟದ ಹೆಚ್ಚುಕಡಿಮೆ ಎಲ್ಲ ರಸ್ತೆಯೂ ದಾರಿಯೇ. ದೊಡ್ಡ ಗಾಡಿಗೆ ಹಾಗಲ್ಲ. ಅದರ ಸುರಕ್ಷತೆಯ ಬಹುಪಾಲು, ಹೊರಡುವ ಮುನ್ನ ಮೇಜಿನ ಮೇಲೆ ನಕ್ಷೆ ಹರಡಿಕೊಂಡಾಗಲೇ ತೀರ್ಮಾನ ಆಗಿಬಿಡುತ್ತದೆ. ಆಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಈ ಗಾಡಿ ಹತ್ತುತ್ತದಾ?" ಎಂಬುದು. ಮೊದಲು ಕೇಳಬೇಕಾದ್ದು "ಇಳಿಯುವುದು ಹೇಗೆ?" ಎಂಬುದನ್ನು.

ಮೊದಲು ನಿಮ್ಮ ಗಾಡಿಯ ಅಳತೆ

ನಾಲ್ಕು ಸಂಖ್ಯೆ ಗೊತ್ತಿರಬೇಕು. ಎತ್ತರ, ಅಗಲ, ಉದ್ದ, ತೂಕ. ಕಂಪನಿಯ ಪುಸ್ತಕದಲ್ಲಿ ಬರೆದಿರುವ ಅಳತೆಯನ್ನೇ ನಂಬಿಕೊಳ್ಳಬೇಡಿ. ಮೇಲೆ ಆಮೇಲೆ ಕೂರಿಸಿದ ಏಸಿ ಪೆಟ್ಟಿಗೆ, ಸೋಲಾರ್ ಫಲಕ, ಡಿಶ್ ಇವೆಲ್ಲ ಎತ್ತರಕ್ಕೆ ಸೇರುತ್ತವೆ. ಹಿಂದೆ ಸೈಕಲ್ ಕಟ್ಟಿದ್ದರೆ ಉದ್ದ ಜಾಸ್ತಿಯಾಗುತ್ತದೆ. ಅಗಲವನ್ನು ಬರೆಯುವಾಗ ಕಂಪನಿಗಳು ಸಾಮಾನ್ಯವಾಗಿ ಕನ್ನಡಿಗಳನ್ನು ಬಿಟ್ಟು ಬರೆಯುತ್ತವೆ. ಆದರೆ ಕಿರಿದಾದ ರಸ್ತೆಯಲ್ಲಿ ಮೊದಲು ತಾಗುವುದೇ ಕನ್ನಡಿ. ಟೇಪ್ ಹಿಡಿದು ಒಮ್ಮೆ ನೀವೇ ಅಳೆಯಿರಿ.

ತೂಕದ ವಿಷಯದಲ್ಲಿ ಜನ ಹೆಚ್ಚಾಗಿ ಮರೆಯುವುದು ನೀರನ್ನು. ಒಂದು ಲೀಟರ್ ನೀರು ಒಂದು ಕಿಲೋ. ನೂರು ಲೀಟರ್ ಟ್ಯಾಂಕು ತುಂಬಿಸಿಕೊಂಡರೆ ಇನ್ನೊಬ್ಬ ದಪ್ಪ ಪ್ರಯಾಣಿಕನನ್ನು ಹತ್ತಿಸಿಕೊಂಡ ಹಾಗೆ. ಬೆಟ್ಟದ ಆಚೆ ನೀರು ಸಿಗುತ್ತದೆ ಅಂತಾದರೆ ತುಂಬಿದ ಟ್ಯಾಂಕು ಹೊತ್ತು ಹತ್ತಿ ಇಳಿಯುವುದಕ್ಕೆ ಕಾರಣವೇ ಇಲ್ಲ.

ಈ ನಾಲ್ಕು ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ. ಮೀಟರ್‌ನಲ್ಲೂ ಅಡಿಯಲ್ಲೂ ಬರೆಯಿರಿ. ಫಲಕ ಯಾವುದರಲ್ಲಿದೆ ಎಂದು ನೋಡಿ ತಲೆಯಲ್ಲೇ ಲೆಕ್ಕ ಹಾಕಲು ಓಡುವ ಗಾಡಿಯಲ್ಲಿ ಸಮಯ ಇರುವುದಿಲ್ಲ.

ಫೋನಿನ ಮ್ಯಾಪ್ ಯಾಕೆ ಸಾಲದು?

ಕಾರಿಗೆಂದು ಮಾಡಿದ ನ್ಯಾವಿಗೇಶನ್ ಆ್ಯಪ್‌ಗೆ ನಿಮ್ಮ ಗಾಡಿ ಎಷ್ಟು ಎತ್ತರ, ಎಷ್ಟು ಭಾರ ಎಂಬುದು ಗೊತ್ತಿಲ್ಲ. ಅದು ಸಮಯವನ್ನು ಮಾತ್ರ ಲೆಕ್ಕ ಹಾಕುತ್ತದೆ. ಹೆದ್ದಾರಿಯಲ್ಲಿ ಟ್ರಾಫಿಕ್ ಜಾಸ್ತಿ ಅನ್ನಿಸಿದ ಕೂಡಲೇ, ನೀವು ಕೇಳದಿದ್ದರೂ, ಪಕ್ಕದ ಹಳ್ಳಿದಾರಿಗೆ ತಿರುಗಿಸುತ್ತದೆ. ಬೆಟ್ಟದಲ್ಲಿ ಆ ಒಂದು ತಿರುವು ಸಾಕು, ಹಿಂದಕ್ಕೂ ಬರಲಾಗದ ಜಾಗದಲ್ಲಿ ಸಿಕ್ಕಿಕೊಳ್ಳಲು.

ಟ್ರಕ್‌ಗಳಿಗೆ ಮತ್ತು ಮೋಟರ್‌ಹೋಮ್‌ಗಳಿಗೆಂದೇ ಮಾಡಿದ ನ್ಯಾವಿಗೇಶನ್ ಉಪಕರಣಗಳಿವೆ. ಅಳತೆ, ತೂಕ ತುಂಬಿಸಿದರೆ ತಗ್ಗಿನ ಸೇತುವೆ, ತೂಕದ ಮಿತಿ ಇರುವ ರಸ್ತೆಗಳನ್ನು ಬಿಟ್ಟು ದಾರಿ ಹುಡುಕುತ್ತವೆ. ಇವು ಖಂಡಿತ ಉಪಯೋಗಕ್ಕೆ ಬರುತ್ತವೆ. ಆದರೆ ಅವುಗಳಿಗೂ ಗೊತ್ತಿರುವುದು ಯಾರೋ ದಾಖಲಿಸಿಟ್ಟ ಮಿತಿಗಳು ಮಾತ್ರ. ರಸ್ತೆಯ ಬದಿಯ ಫಲಕ ಒಂದು ಹೇಳಿ ಉಪಕರಣ ಇನ್ನೊಂದು ಹೇಳಿದರೆ, ಫಲಕದ ಮಾತೇ ನಡೆಯಬೇಕು.

ಶೇಕಡಾ 10 ಇಳಿಜಾರು ಅಂದರೆ ಏನು?

ಬೆಟ್ಟದ ರಸ್ತೆಗಳಲ್ಲಿ ತ್ರಿಕೋನದೊಳಗೆ 8%, 10%, 12% ಎಂದು ಬರೆದ ಫಲಕ ಕಾಣುತ್ತದೆ. ಇದರ ಅರ್ಥ ಸರಳ. ನೂರು ಮೀಟರ್ ಮುಂದೆ ಹೋದಾಗ ಎಷ್ಟು ಮೀಟರ್ ಮೇಲೆ ಅಥವಾ ಕೆಳಗೆ ಹೋಗುತ್ತೀರಿ ಎಂಬ ಲೆಕ್ಕ ಅದು. ಶೇಕಡಾ 10 ಅಂದರೆ ನೂರು ಮೀಟರಿಗೆ ಹತ್ತು ಮೀಟರ್. ಕೇಳಲು ಚಿಕ್ಕದು ಅನ್ನಿಸುತ್ತದೆ, ಅಲ್ವಾ? ಹಾಗೇ ಒಂದು ಕಿಲೋಮೀಟರ್ ಹೋದರೆ ನೂರು ಮೀಟರ್ ಇಳಿದಿರುತ್ತೀರಿ. ಅದು ಮೂವತ್ತು ಮಹಡಿಯ ಕಟ್ಟಡದ ಎತ್ತರ.

ದೊಡ್ಡ ಹೆದ್ದಾರಿಗಳನ್ನು ಕಟ್ಟುವಾಗ ಬೆಟ್ಟದಲ್ಲೂ ಇಳಿಜಾರನ್ನು ಶೇಕಡಾ 6ರ ಆಸುಪಾಸಿನಲ್ಲೇ ಇಡಲು ನೋಡುತ್ತಾರೆ. ಭಾರದ ಟ್ರಕ್‌ಗಳು ಓಡಬೇಕಲ್ಲ, ಅದಕ್ಕೆ. ಹಳೆಯ ಘಾಟಿ ರಸ್ತೆಗಳಿಗೆ ಇಂಥ ಕಟ್ಟುಪಾಡು ಇಲ್ಲ.

ಇಲ್ಲಿ ಒಂದು ಮೋಸ ಇದೆ. "ಸರಾಸರಿ ಶೇಕಡಾ 7" ಎಂದು ಎಲ್ಲೋ ಓದಿ ನೆಮ್ಮದಿಯಾಗಬೇಡಿ. ಸರಾಸರಿಯಲ್ಲಿ ಸಮತಟ್ಟಾದ ತುಣುಕುಗಳೂ ಸೇರಿರುತ್ತವೆ. ನಡುವೆ ಎರಡು ಕಿಲೋಮೀಟರ್ ಶೇಕಡಾ 13 ಇದ್ದರೂ ಸರಾಸರಿ 7 ಬರಬಹುದು. ನೀವು ನೋಡಬೇಕಾದ್ದು ಎರಡು ವಿಷಯ: ಅತಿ ಕಡಿದಾದ ಭಾಗ ಎಷ್ಟು, ಮತ್ತು ಅದು ಎಷ್ಟು ದೂರ ಬಿಡುವಿಲ್ಲದೆ ನಡೆಯುತ್ತದೆ. ಇದನ್ನು ತಿಳಿಯಲು ಸುಲಭದ ದಾರಿ ಸೈಕಲ್ ಸವಾರರ ನಕ್ಷೆಗಳು. ಅವರಿಗೆ ಪ್ರತಿ ಏರೂ ಮೈಮೇಲೆ ಬರುವಂಥದ್ದು. ಹಾಗಾಗಿ ಹೆಸರಾದ ಬೆಟ್ಟದ ರಸ್ತೆಗಳಿಗೆ ಕಿಲೋಮೀಟರ್ ಕಿಲೋಮೀಟರಿಗೂ ಎಷ್ಟು ಶೇಕಡಾ ಎಂದು ಚಿತ್ರ ಬರೆದಿಟ್ಟಿರುತ್ತಾರೆ.

ಇಳಿಯುವಾಗ ಬ್ರೇಕಿಗೆ ಏನಾಗುತ್ತದೆ?

ಈ ಇಡೀ ವಿಷಯದ ತಿರುಳು ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಅಂಗೈಗಳನ್ನು ಒಂದಕ್ಕೊಂದು ಉಜ್ಜಿದರೆ ಬಿಸಿಯಾಗುತ್ತವೆ. ಬ್ರೇಕ್ ಮಾಡುವ ಕೆಲಸವೂ ಅಷ್ಟೇ. ಗಾಡಿಯ ವೇಗವನ್ನು ಉಜ್ಜಿ ಉಜ್ಜಿ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಹತ್ತುವಾಗ ಎಂಜಿನ್ ಡೀಸೆಲ್ ಸುಟ್ಟು ಗಾಡಿಯನ್ನು ಮೇಲಕ್ಕೆ ಎತ್ತುತ್ತದೆ. ಆ ಶಕ್ತಿ ಎಲ್ಲೂ ಹೋಗುವುದಿಲ್ಲ, ಎತ್ತರದ ರೂಪದಲ್ಲಿ ಗಾಡಿಯಲ್ಲೇ ಉಳಿದಿರುತ್ತದೆ. ಇಳಿಯುವಾಗ ಅಷ್ಟೂ ಹೊರಗೆ ಬರಲೇಬೇಕು.

ಎಷ್ಟು ಶಕ್ತಿ? ಐದು ಟನ್ ಗಾಡಿ 1,000 ಮೀಟರ್ ಎತ್ತರ ಇಳಿದರೆ ಸುಮಾರು 49 ಮೆಗಾಜೂಲ್. ಈ ಸಂಖ್ಯೆ ಏನೂ ಹೇಳುವುದಿಲ್ಲ ಅನ್ನಿಸಿದರೆ ಹೀಗೆ ನೋಡಿ. ಸುಮಾರು 145 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಶಾಖ ಸಾಕು. ಒಂದೂವರೆ ಟನ್ನಿನ ಕಾರಿಗೆ ಇದೇ ಲೆಕ್ಕ 44 ಲೀಟರ್. ಒಂದಿಷ್ಟು ಭಾಗವನ್ನು ಗಾಳಿಯ ತಡೆ ಮತ್ತು ಟೈರುಗಳು ನುಂಗಿಕೊಳ್ಳುತ್ತವೆ ನಿಜ. ಎಂಜಿನ್ ಸಹಾಯ ಮಾಡದಿದ್ದರೆ ಉಳಿದದ್ದೆಲ್ಲ ನಾಲ್ಕಾರು ಚಕ್ರಗಳ ಬ್ರೇಕಿನ ಪಾಲು.

ಬ್ರೇಕ್ ಒಂದು ಮಿತಿ ಮೀರಿ ಬಿಸಿಯಾದರೆ ಎರಡು ಅಪಾಯಗಳಿವೆ. ಒಂದು, ಉಜ್ಜುವ ಕೆಲಸ ಮಾಡುವ ಬ್ರೇಕ್ ಪ್ಯಾಡ್‌ಗಳ ಹಿಡಿತ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ಒತ್ತಿದರೂ ಗಾಡಿ ನಿಧಾನ ಆಗುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಪೆಡಲ್‌ನಿಂದ ಚಕ್ರಕ್ಕೆ ಒತ್ತಡ ಸಾಗಿಸುವ ಬ್ರೇಕ್ ಆಯಿಲ್ ಕುದಿಯುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಹಾಗಾಗಿ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗಿಬಿಡುತ್ತದೆ. ಈ ಆಯಿಲ್ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಅದೇ ಆಯಿಲ್‌ಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ವರ್ಷದ ಬಹುಪಾಲು ನಿಂತೇ ಇರುವ ಮೋಟರ್‌ಹೋಮ್‌ನಲ್ಲಿ, "ಗಾಡಿ ಓಡೇ ಇಲ್ಲ" ಎಂದು ಆಯಿಲ್ ಬದಲಿಸದೆ ಬಿಡುವವರು ಇದನ್ನು ಗಮನಿಸಬೇಕು. ಓಡಲಿ ಬಿಡಲಿ, ಅದು ಹಳತಾಗುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರ ಎಂಜಿನ್ ಬ್ರೇಕಿಂಗ್. ಇಳಿಜಾರಿನಲ್ಲಿ ಕಡಿಮೆ ಗೇರಿಗೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಭಾರ ಗಾಡಿಯ ವೇಗವನ್ನು ಹಿಡಿದಿಡುತ್ತದೆ, ಬಿಸಿಯೂ ಬ್ರೇಕಿಗೆ ಹೋಗದೆ ಎಂಜಿನ್ ಕಡೆಗೆ ಹೋಗುತ್ತದೆ. ಇಳಿಯಲು ಶುರು ಮಾಡುವ ಮುಂಚೆಯೇ ಗೇರ್ ಇಳಿಸಬೇಕು. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳದೇ ಇರಬಹುದು. ನ್ಯೂಟ್ರಲ್‌ನಲ್ಲಿ ಇಳಿಯುವ ಮಾತೇ ಬೇಡ. ಆಟೋಮ್ಯಾಟಿಕ್ ಗಾಡಿಯಲ್ಲೂ ಗೇರನ್ನು ಕೈಯಿಂದ ಹಿಡಿದಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಅದು ಎಲ್ಲಿದೆ ಎಂಬುದನ್ನು ಗಾಡಿ ಕೈಗೆ ಬಂದ ದಿನವೇ ಕೇಳಿ ತಿಳಿದುಕೊಳ್ಳಿ.

ಆಗಲೂ ವೇಗ ಏರುತ್ತಿದ್ದರೆ ಬ್ರೇಕ್ ಬೇಕೇ ಬೇಕು. ಆದರೆ ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಇರಬಾರದು. ಕೆಲವೇ ಸೆಕೆಂಡು ಗಟ್ಟಿಯಾಗಿ ಒತ್ತಿ, ನೀವು ಗೊತ್ತುಮಾಡಿಕೊಂಡ ವೇಗಕ್ಕಿಂತ ಏಳೆಂಟು ಕಿಲೋಮೀಟರ್ ಕೆಳಗೆ ತಂದು, ಪೂರ್ತಿ ಬಿಟ್ಟುಬಿಡಿ. ಬಿಟ್ಟ ಹೊತ್ತಿನಲ್ಲಿ ಗಾಳಿ ಆಡಿ ಬ್ರೇಕ್ ತಣ್ಣಗಾಗುತ್ತದೆ.

ದಾರಿ ಆರಿಸುವುದಕ್ಕೂ ಇದಕ್ಕೂ ಏನು ಸಂಬಂಧ? ಒಂದೇ ಬೆಟ್ಟದಿಂದ ಎರಡು ರಸ್ತೆ ಇಳಿಯುತ್ತವೆ ಎನ್ನಿ. ಎರಡರಲ್ಲೂ ಇಳಿಯುವುದು 1,000 ಮೀಟರ್. ಮೊದಲನೆಯದು ಶೇಕಡಾ 6, ಅಂದರೆ ಸುಮಾರು 17 ಕಿಲೋಮೀಟರ್ ಉದ್ದ. ಎರಡನೆಯದು ಶೇಕಡಾ 12, ಎಂಟು ಕಿಲೋಮೀಟರಿಗೇ ಮುಗಿಯುತ್ತದೆ. ಒಟ್ಟು ಇಳಿತ ಒಂದೇ ಆದರೂ ಎರಡನೆಯದರಲ್ಲಿ ಅದು ಅರ್ಧ ಸಮಯದಲ್ಲಿ ಆಗಿಬಿಡಬೇಕು. ಅದೇ ವೇಗದಲ್ಲಿ ಇಳಿದರೆ ಪ್ರತಿ ಸೆಕೆಂಡಿಗೂ ಹೊರಬರುವ ಶಕ್ತಿ ಎರಡು ಪಟ್ಟು. ಗಾಳಿ ಮತ್ತು ಟೈರು ಪ್ರತಿ ಸೆಕೆಂಡಿಗೆ ನುಂಗುವ ಪಾಲು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಬ್ರೇಕ್ ಮತ್ತು ಎಂಜಿನ್ ಮೇಲೆ ಬೀಳುವ ಹೊರೆ ಎರಡು ಪಟ್ಟಿಗಿಂತಲೂ ಜಾಸ್ತಿ. ಉದ್ದದ, ನಿಧಾನಕ್ಕೆ ಇಳಿಯುವ ದಾರಿ ಭಾರದ ಗಾಡಿಗೆ ಒಳ್ಳೆಯದು ಎನ್ನುವುದಕ್ಕೆ ಕಾರಣ ಇದು. ಒಂದು ಬದಿ ಕಡಿದು, ಇನ್ನೊಂದು ಬದಿ ಹದವಾಗಿ ಇರುವ ಬೆಟ್ಟವಾದರೆ ಕಡಿದಾದ ಕಡೆಯಿಂದ ಹತ್ತಿ ಹದವಾದ ಕಡೆಗೆ ಇಳಿಯುವಂತೆ ಇಡೀ ಪ್ರವಾಸವನ್ನು ತಿರುಗಿಸಿಕೊಳ್ಳಬಹುದು. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಧಾನ ಆಗುತ್ತದೆ, ಹೆಚ್ಚೆಂದರೆ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸಾಲದಿದ್ದರೆ ನಿಲ್ಲುವುದಿಲ್ಲ.

ಕೆಲವು ದೊಡ್ಡ ಇಳಿಜಾರುಗಳಲ್ಲಿ ರಸ್ತೆಯ ಪಕ್ಕಕ್ಕೆ ಸಡಿಲ ಜಲ್ಲಿ ತುಂಬಿದ ಒಂದು ದಾರಿ ಕವಲೊಡೆದಿರುತ್ತದೆ. ಬ್ರೇಕ್ ಹೋದ ಟ್ರಕ್‌ಗಳು ನುಗ್ಗಿ ಹೂತುಕೊಂಡು ನಿಲ್ಲಲಿ ಎಂದು ಮಾಡಿರುವುದು ಅದು. ಮೋಟರ್‌ಹೋಮ್ ಕೂಡ ಅದನ್ನು ಬಳಸಬಹುದು. ಗಾಡಿ ಹಾಳಾಗುತ್ತದೆ ಎಂಬ ಯೋಚನೆ ಆ ಹೊತ್ತಿನಲ್ಲಿ ಬೇಡ, ಜೀವ ಉಳಿಸಲೆಂದೇ ಅದನ್ನು ಕಟ್ಟಿದ್ದಾರೆ.

ತಿರುವಿನಲ್ಲಿ ಹಿಂಚಕ್ರ ಎಲ್ಲಿ ಹೋಗುತ್ತದೆ?

ಇಕ್ಕಟ್ಟಾದ ಮೆಟ್ಟಿಲಲ್ಲಿ ಬೀರು ಸಾಗಿಸಿದ್ದೀರಾ? ನೇರ ಮೆಟ್ಟಿಲಲ್ಲಿ ಕಷ್ಟವಿಲ್ಲ. ಕಷ್ಟ ಬರುವುದು ತಿರುಗುವ ಕಟ್ಟೆಯಲ್ಲಿ. ಹೇರ್‌ಪಿನ್ ತಿರುವಿನಲ್ಲಿ, ಅಂದರೆ ರಸ್ತೆ ಬಂದ ದಿಕ್ಕಿಗೇ ಮರಳಿ ತಿರುಗುವ ಕಡೆ, ಉದ್ದದ ಗಾಡಿಗೆ ಆಗುವುದೂ ಇದೇ.

ಯಾವ ಗಾಡಿಯಾದರೂ ತಿರುಗುವಾಗ ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲಿ ಹೋಗುವುದಿಲ್ಲ. ಒಳಗಡೆಗೆ ಸರಿದು ತಿರುವನ್ನು ಕತ್ತರಿಸಿಕೊಂಡು ಹೋಗುತ್ತವೆ. ಎಷ್ಟು ಸರಿಯುತ್ತವೆ ಎಂಬುದು ಮುಂಚಕ್ರ ಹಿಂಚಕ್ರಗಳ ನಡುವಿನ ಅಂತರದ ಮೇಲೆ ನಿಂತಿದೆ. ಮುಂದಿನ ಆಕ್ಸಲ್ (ಮುಂಚಕ್ರಗಳೆರಡನ್ನೂ ಜೋಡಿಸುವ ಅಚ್ಚು) 12 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ ಎನ್ನಿ. 2.6 ಮೀಟರ್ ಅಂತರದ ಕಾರಿನ ಹಿಂಚಕ್ರ ಒಳಕ್ಕೆ ಸರಿಯುವುದು 30 ಸೆಂಟಿಮೀಟರ್‌ಗೂ ಕಡಿಮೆ. ಅಂತರ ಆರು ಮೀಟರ್ ಆದರೆ 1.6 ಮೀಟರ್! ನೀವು ಮುಂದಿನ ಸೀಟಿನಿಂದ ನೋಡುವಾಗ ರಸ್ತೆಯ ಮೇಲೇ ಇದ್ದೀರಿ, ಹಿಂಚಕ್ರ ಮಾತ್ರ ಒಳಬದಿಯ ಕಲ್ಲಿನ ಮೇಲೆ ಅಥವಾ ಚರಂಡಿಯಲ್ಲಿ. ಅದನ್ನು ತಪ್ಪಿಸಲು ತಿರುವನ್ನು ಅಗಲವಾಗಿ ತೆಗೆದುಕೊಳ್ಳಬೇಕು. ಅಂದರೆ ಎದುರಿನಿಂದ ಬರುವವರ ಪಾಲಿನ ರಸ್ತೆಯೂ ಬೇಕಾಗುತ್ತದೆ.

ಇನ್ನೊಂದು ತೊಂದರೆ ಬಾಲದ್ದು. ಹಿಂದಿನ ಆಕ್ಸಲ್ ಆಚೆ ಗಾಡಿ ಎರಡು ಮೂರು ಮೀಟರ್ ಚಾಚಿಕೊಂಡಿದ್ದರೆ, ಮುಂಭಾಗ ಬಲಕ್ಕೆ ತಿರುಗುವಾಗ ಹಿಂಭಾಗ ಎಡಕ್ಕೆ ಬೀಸುತ್ತದೆ. ಉದ್ದದ ಏಣಿ ಹೊತ್ತವರು ತಟ್ಟನೆ ತಿರುಗಿದರೆ ಹಿಂದಿನ ತುದಿ ಗೋಡೆಗೆ ಬಡಿಯುವ ಹಾಗೆ. ಜೊತೆಗೆ, ಕಡಿದಾದ ತಿರುವಿನಲ್ಲಿ ಏರು ತಟ್ಟನೆ ಶುರುವಾದರೆ ಆ ಬಾಲ ನೆಲಕ್ಕೂ ಉಜ್ಜುತ್ತದೆ.

ಏರುವಾಗ ಎಲ್ಲ ತಿರುವೂ ಒಂದೇ ಅಲ್ಲ. ರಸ್ತೆಯ ಬಲಗಡೆ ಓಡಿಸುವ ದೇಶಗಳಲ್ಲಿ ಬಲ ತಿರುವು ಬಿಗಿ, ಏಕೆಂದರೆ ನಿಮ್ಮ ಪಾಲಿಗೆ ಬರುವುದು ಒಳಗಿನ ಸಣ್ಣ ವೃತ್ತ. ಎಡ ತಿರುವು ಸಲೀಸು. ಎಡಗಡೆ ಓಡಿಸುವ ದೇಶಗಳಲ್ಲಿ ಇದು ತಿರುಗುಮುರುಗು.

ಹೇರ್‌ಪಿನ್‌ಗಳ ಸಂಖ್ಯೆ ಒಂದನ್ನೇ ನೋಡಿ ಹೆದರಬೇಕಿಲ್ಲ, ಧೈರ್ಯವೂ ಪಡಬೇಕಿಲ್ಲ. ಇಟಲಿಯ ಸ್ಟೆಲ್ವಿಯೊ ಕಣಿವೆದಾರಿ, ಅಂದರೆ ಶಿಖರಗಳ ನಡುವಿನ ತಗ್ಗಿನಲ್ಲಿ ಬೆಟ್ಟ ದಾಟುವ ದಾರಿ, 2,757 ಮೀಟರ್ ಎತ್ತರದಲ್ಲಿದೆ. 1820ರ ದಶಕದಲ್ಲಿ ಕುದುರೆಗಾಡಿಗಳ ಕಾಲದಲ್ಲಿ ಕಟ್ಟಿದ್ದು. ಪ್ರಾಟೋ ಊರಿನ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್‌ಗಳು, ಅವುಗಳಲ್ಲಿ ಹಲವು ಬಹಳ ಬಿಗಿ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಯಲ್ಲೂ 36 ತಿರುವುಗಳಿವೆ, ಅದೂ 2,500 ಮೀಟರ್ ದಾಟುತ್ತದೆ. ಆದರೆ ಅದು ತೆರೆದದ್ದು 1935ರಲ್ಲಿ, ಮೋಟಾರು ಗಾಡಿಗಳಲ್ಲಿ ಜನ ಬರಲಿ ಎಂದೇ. ಪ್ರವಾಸಿ ಬಸ್ಸುಗಳು ಅಲ್ಲಿ ದಿನವೂ ಓಡಾಡುತ್ತವೆ. ಅಲ್ಲಿನ ಸವಾಲು ತಿರುವಿಗಿಂತ ಹೆಚ್ಚಾಗಿ ಶೇಕಡಾ 12ರವರೆಗಿನ ಉದ್ದದ ಇಳಿಜಾರು. ಹೀಗೆ ಎರಡೂ ಹೆಸರಾದ ರಸ್ತೆಗಳೇ ಆದರೂ ದೊಡ್ಡ ಗಾಡಿಗೆ ಕೇಳುವ ಪರೀಕ್ಷೆ ಬೇರೆ ಬೇರೆ.

ಒಂದೇ ಬೆಟ್ಟ, ಮೂರು ದಾರಿ

ಆಯ್ಕೆ ಅಂದರೆ ಏನು ಎಂಬುದು ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಒಂದೇ ಬೆಟ್ಟ ದಾಟಲು ಮೂರು ಕಾಲದ ಮೂರು ರಸ್ತೆಗಳಿವೆ.

ಅತಿ ಹಳೆಯದು ದಕ್ಷಿಣ ಬದಿಯ ಟ್ರೆಮೋಲಾ. ಕಲ್ಲು ಹಾಸಿದ ರಸ್ತೆ, ಒಂದರ ಮೇಲೊಂದು ಪೇರಿಸಿಟ್ಟಂತೆ ಹೇರ್‌ಪಿನ್‌ಗಳು. ನೋಡಲು ಬಹಳ ಚೆಂದ, ದೊಡ್ಡ ಮೋಟರ್‌ಹೋಮ್‌ಗೆ ಹೇಳಿದ್ದಲ್ಲ. ಎರಡನೆಯದು ಅದೇ ಕಣಿವೆಯನ್ನು ದಾಟುವ ಹೊಸ ರಸ್ತೆ. ಅಗಲವಾಗಿದೆ, ತಿರುವುಗಳು ದೊಡ್ಡವು. ಆದರೆ 2,100 ಮೀಟರ್‌ಗೂ ಮೇಲಕ್ಕೆ ಹತ್ತಿ ಇಳಿಯಬೇಕು, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಮೂರನೆಯದು 1980ರಲ್ಲಿ ತೆರೆದ, 16.9 ಕಿಲೋಮೀಟರ್ ಉದ್ದದ ಸುರಂಗ. ಅದು ಬೆಟ್ಟದ ನೆತ್ತಿಗೆ ಹೋಗುವುದೇ ಇಲ್ಲ, ಸುಮಾರು ಸಾವಿರ ಮೀಟರ್ ಕೆಳಗೇ ದಾಟಿಸಿಬಿಡುತ್ತದೆ. ರಜೆಯ ದಿನಗಳಲ್ಲಿ ಅದರ ಬಾಯಲ್ಲಿ ಉದ್ದದ ಸಾಲು ನಿಲ್ಲುತ್ತದೆ.

ಮೊದಲ ಸಲ ದೊಡ್ಡ ಗಾಡಿ ಹಿಡಿದವರಿಗೆ ನಾನು ಹೇಳುವುದು ಸುರಂಗವನ್ನೇ. ಸಾಲಿನಲ್ಲಿ ಒಂದು ಗಂಟೆ ಕಾಯುವುದು ಬೇಸರದ ಕೆಲಸ, ಆದರೆ ಬ್ರೇಕ್ ಸುಡುವ ವಾಸನೆ ಬರುವುದಿಲ್ಲ. ಕೈ ಪಳಗಿದವರು, ಹವೆ ಚೆನ್ನಾಗಿದ್ದ ದಿನ, ಹೊಸ ಕಣಿವೆ ರಸ್ತೆ ಹಿಡಿಯಬಹುದು. ಟ್ರೆಮೋಲಾ ನೋಡುವ ಆಸೆ ಇದ್ದರೆ ಗಾಡಿ ಕೆಳಗೆ ನಿಲ್ಲಿಸಿ ಸೈಕಲ್ಲಿನಲ್ಲೋ ನಡೆದುಕೊಂಡೋ ಹೋಗಿ ನೋಡಬಹುದು.

ಬೇರೆ ಬೆಟ್ಟಗಳಲ್ಲೂ ಹೀಗೇ ಹುಡುಕಿ. ಆಲ್ಪ್ಸ್ ದಾಟುವ ಬ್ರೆನ್ನರ್ ಕಣಿವೆಯ ಎತ್ತರ ಸುಮಾರು 1,370 ಮೀಟರ್ ಮಾತ್ರ, ಮೇಲೆ ಮೋಟಾರು ಹೆದ್ದಾರಿಯೇ ಇದೆ. ಟ್ರಕ್‌ಗಳು ಸಾಲುಸಾಲಾಗಿ ಅಲ್ಲೇ ಹೋಗುವುದು. ಟ್ರಕ್‌ಗಳು ಯಾವ ದಾರಿ ಹಿಡಿಯುತ್ತವೆ ಎಂಬುದು ಒಳ್ಳೆಯ ಸುಳಿವು.

ಅಗಲ, ಎತ್ತರ ಮತ್ತು ಪ್ರಪಾತದ ಕಡೆ

ಅಮೆರಿಕದ ಮಾಂಟಾನಾ ರಾಜ್ಯದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಗೋಯಿಂಗ್-ಟು-ದ-ಸನ್ ಎಂಬ ರಸ್ತೆ ಇದೆ. 1933ರಲ್ಲಿ ಪೂರ್ತಿಯಾಗಿ ತೆರೆಯಿತು. ಅದರ ಎತ್ತರದ ಭಾಗಕ್ಕೆ 21 ಅಡಿಗಿಂತ ಉದ್ದದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿಯನ್ನು ಬಿಡುವುದಿಲ್ಲ. ಮೀಟರ್ ಲೆಕ್ಕದಲ್ಲಿ 6.4 ಮತ್ತು 2.4. ಮೋಟರ್‌ಹೋಮ್‌ಗಳಲ್ಲಿ ಹೆಚ್ಚಿನವು ಇಲ್ಲೇ ಹೊರಗುಳಿಯುತ್ತವೆ. ಇದಲ್ಲದೆ 10 ಅಡಿಗಿಂತ ಎತ್ತರದ ಗಾಡಿಗಳಿಗೆ ಇನ್ನೊಂದು ಎಚ್ಚರಿಕೆ: ರಸ್ತೆಯ ಮೇಲಕ್ಕೆ ಚಾಚಿಕೊಂಡಿರುವ ಬಂಡೆಗಳು ತಾಗಬಹುದು. ಬಂಡೆ ಕೊರೆದು ಮಾಡಿದ ಬೇರೆ ರಸ್ತೆಗಳಲ್ಲೂ ಈ ತೊಂದರೆ ಇರಬಹುದು. ಸುರಂಗಗಳೂ ಅಷ್ಟೇ. ಹಳೆಯ ಸುರಂಗಗಳ ಮಾಡು ಕಮಾನಿನಂತೆ ಬಾಗಿರುತ್ತದೆ, ನಡುವೆ ಎತ್ತರ, ಅಂಚಿಗೆ ಬಂದಂತೆ ತಗ್ಗು. ಎತ್ತರದ ಗಾಡಿ ತನ್ನ ಪಾಲಿನಲ್ಲಿ ಹೋದರೆ ಮೇಲಿನ ಮೂಲೆ ಕಲ್ಲಿಗೆ ಉಜ್ಜುತ್ತದೆ. ಆದ್ದರಿಂದ ಫಲಕದಲ್ಲಿರುವ ಎತ್ತರ ಸುರಂಗದ ಮಧ್ಯದ್ದೋ ಅಂಚಿನದ್ದೋ ಎಂದು ನೋಡಿ.

ಗ್ಯಾಸ್ ಸಿಲಿಂಡರ್ ಇರುವ ಗಾಡಿಗಳಿಗೆ ಕೆಲವು ಸುರಂಗಗಳಲ್ಲಿ ಬೇರೆ ನಿಯಮಗಳಿರುತ್ತವೆ. ಅದನ್ನೂ ಮೊದಲೇ ಓದಿಕೊಂಡಿರಬೇಕು.

ಪ್ರಪಾತ ನಿಮ್ಮ ಕಡೆ ಇರುತ್ತದೋ ಎದುರಿನವರ ಕಡೆಯೋ ಎಂಬುದು ಹೋಗುವ ದಿಕ್ಕಿನ ಮೇಲೆ ಹೋಗುತ್ತದೆ. ಕೊಲರಾಡೋದ ಯೂರೇ ಮತ್ತು ಸಿಲ್ವರ್‌ಟನ್ ನಡುವಿನ 550ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವವರು ಪ್ರಪಾತದ ಅಂಚಿನಲ್ಲಿರುತ್ತಾರೆ, ಹೆಚ್ಚಿನ ಕಡೆ ತಡೆಗೋಡೆ ಇಲ್ಲ. ಉತ್ತರಕ್ಕೆ ಹೋಗುವವರು ಬೆಟ್ಟದ ಗೋಡೆಯ ಕಡೆ. ಅದೇ ರಸ್ತೆ, ಅನುಭವ ಮಾತ್ರ ಪೂರ್ತಿ ಬೇರೆ. ಸುತ್ತಿ ಬರುವ ಪ್ರವಾಸವಾದರೆ ದಿಕ್ಕು ಬದಲಿಸಿಬಿಡಿ, ಅದಕ್ಕೆ ಖರ್ಚೇನೂ ಇಲ್ಲ.

ಎದುರಿನವರ ವಿಷಯಕ್ಕೆ ಬಂದರೆ, ಬೆಟ್ಟದಲ್ಲಿ ಅನೇಕ ದೇಶಗಳು ಹತ್ತುವವರಿಗೆ ಮೊದಲ ದಾರಿ ಕೊಡುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ನೀಲಿ ಫಲಕದ ಮೇಲೆ ಹಳದಿ ಕಹಳೆಯ ಗುರುತು ಕಂಡರೆ ಅದು ಅಂಚೆ ಬಸ್ಸಿನ ರಸ್ತೆ. ಅಲ್ಲಿ ಬಸ್ಸಿನ ಡ್ರೈವರ್ ಹಿಂದೆ ಸರಿ ಎಂದು ಸನ್ನೆ ಮಾಡಿದರೆ ಸರಿಯಬೇಕು. ಎಂಟು ಮೀಟರ್ ಗಾಡಿಯನ್ನು ಇಳಿಜಾರಿನಲ್ಲಿ ರಿವರ್ಸ್ ತೆಗೆಯಬಲ್ಲೆನೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಅಂಥ ರಸ್ತೆ ಬೇಡ.

ಅಂದಹಾಗೆ, ಒಂದು ರಸ್ತೆಯಲ್ಲಿ ದೊಡ್ಡ ಬಸ್ಸು ನಿತ್ಯ ಓಡುತ್ತದೆ ಎಂದರೆ ತಿರುವುಗಳಲ್ಲಿ ನಿಮ್ಮ ಗಾಡಿಯೂ ಹಿಡಿಸುತ್ತದೆ ಎಂದು ಹೆಚ್ಚುಕಡಿಮೆ ನಂಬಬಹುದು. ಬಸ್ಸಿನ ವೇಳಾಪಟ್ಟಿ ನೋಡುವುದು ಒಳ್ಳೆಯ ಉಪಾಯವೇ. ಆದರೆ ಆ ಡ್ರೈವರಿಗೆ ಪ್ರತಿ ತಿರುವೂ ಬಾಯಿಪಾಠ, ಬಸ್ಸಿನಲ್ಲಿ ಇಳಿಜಾರಿಗೆಂದೇ ಪ್ರತ್ಯೇಕ ತಡೆ ವ್ಯವಸ್ಥೆಯೂ ಇರುತ್ತದೆ. ಬಾಡಿಗೆ ಮೋಟರ್‌ಹೋಮ್‌ಗೆ ಅದೆರಡೂ ಇಲ್ಲ.

ಎತ್ತರ ಏರಿದಂತೆ ಎಂಜಿನ್, ಹವೆ

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ (ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೊ ಇದ್ದರೆ ಅಷ್ಟು ಕಳೆದುಕೊಳ್ಳುವುದಿಲ್ಲ. ತೆಳುಗಾಳಿ ರೇಡಿಯೇಟರ್‌ನ ಬಿಸಿಯನ್ನೂ ಕಡಿಮೆ ಒಯ್ಯುತ್ತದೆ. ಬಿಸಿಯ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಗೇರ್ ಇಳಿಸಿ, ನಿಧಾನ ಮಾಡಿ. ಸಾಲದಿದ್ದರೆ ಬದಿಗೆ ನಿಲ್ಲಿಸಿ.

ಹವೆಯೂ ಬದಲಾಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪು. ಕೆಳಗೆ 12 ಡಿಗ್ರಿಯ ಹಿತವಾದ ಬೆಳಗು ಇದ್ದರೆ ಎರಡು ಸಾವಿರ ಮೀಟರ್ ಮೇಲೆ ರಸ್ತೆ ಹೆಪ್ಪುಗಟ್ಟಿರಬಹುದು. ಅನೇಕ ಎತ್ತರದ ಕಣಿವೆದಾರಿಗಳು ವರ್ಷದಲ್ಲಿ ಅರ್ಧದಷ್ಟು ಕಾಲ ಮುಚ್ಚಿರುತ್ತವೆ. ಅವು ತೆರೆದಿವೆಯೇ ಎಂದು ಆ ಪ್ರದೇಶದ ರಸ್ತೆ ಇಲಾಖೆಯ ಮಾಹಿತಿಯಲ್ಲಿ ಹೊರಡುವ ದಿನವೇ ನೋಡಬೇಕು.

ಗಾಳಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟರ್‌ಹೋಮ್‌ನ ಪಕ್ಕದ ಗೋಡೆ ಇಪ್ಪತ್ತು ಚದರ ಮೀಟರ್‌ಗೂ ಜಾಸ್ತಿ ಇರಬಹುದು, ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಸುರಂಗದಿಂದ ಹೊರಬರುವ ಬಾಯಿ, ಎತ್ತರದ ಸೇತುವೆ, ಬೆಟ್ಟದ ನೆತ್ತಿ ಈ ಮೂರು ಕಡೆ ಬಿರುಗಾಳಿ ತಟ್ಟನೆ ಬಡಿಯುತ್ತದೆ. ಜೋರು ಗಾಳಿಯ ಮುನ್ಸೂಚನೆ ಇದ್ದರೆ ಒಂದು ದಿನ ನಿಂತು ಹೊರಡುವುದೇ ಸರಿಯಾದ ದಾರಿ. ಮನೆ ಹೇಗೂ ಜೊತೆಗೇ ಇದೆಯಲ್ಲ.

ಹೊರಡುವ ಹಿಂದಿನ ರಾತ್ರಿ

ಮೊದಲು ಟ್ರಕ್‌ಗಳ ದಾರಿ ಯಾವುದು ಎಂದು ಹುಡುಕಿ, ಅದನ್ನೇ ಮೂಲ ದಾರಿ ಎಂದು ಇಟ್ಟುಕೊಳ್ಳಿ. ಅದನ್ನು ಬಿಟ್ಟು ಬೇರೆ ದಾರಿ ಬೇಕು ಅನ್ನಿಸಿದರೆ, ಆ ದಾರಿಯ ಉದ್ದ, ಅಗಲ, ಎತ್ತರ, ತೂಕದ ಮಿತಿಗಳನ್ನು ನಿಮ್ಮ ನಾಲ್ಕು ಸಂಖ್ಯೆಗಳ ಪಕ್ಕದಲ್ಲಿ ಬರೆಯಿರಿ. ಒಂದು ಮೀರಿದರೂ ಅಲ್ಲಿಗೆ ಬಿಟ್ಟುಬಿಡಿ. ಎಲ್ಲ ಸರಿಯಿದ್ದರೆ ಇಳಿಯುವ ಕಡೆಯ ಚಿತ್ರ ನೋಡಿ: ಕಡಿದಾದ ಭಾಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ನಡುವೆ ನಿಂತು ಬ್ರೇಕ್ ಆರಿಸಿಕೊಳ್ಳಲು ಜಾಗ ಇದೆಯೇ. ರಸ್ತೆಬದಿಯ ಫೋಟೋಗಳು ನಕ್ಷೆಯಲ್ಲಿ ಸಿಗುವುದಾದರೆ ಒಂದೆರಡು ಹೇರ್‌ಪಿನ್‌ಗಳನ್ನು ಕಣ್ಣಾರೆ ನೋಡಿ. ಮಧ್ಯದ ಬಿಳಿ ಗೆರೆ ಇಲ್ಲದ ರಸ್ತೆಯಾದರೆ ಎರಡು ದೊಡ್ಡ ಗಾಡಿ ಅಲ್ಲಿ ಎದುರುಬದುರು ದಾಟಲಾರವು ಎಂದೇ ಎಣಿಸಿ.

ಬೆಳಿಗ್ಗೆ ಬೇಗ ಹೊರಡಿ. ಎದುರಿನ ಗಾಡಿಗಳು ಕಡಿಮೆ ಇರುತ್ತವೆ, ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ ಆಚೆ ಇಳಿದಿರುತ್ತೀರಿ. ಕತ್ತಲಾದ ಮೇಲೆ ಗೊತ್ತಿಲ್ಲದ ಘಾಟಿ ಹತ್ತಲೇಬೇಡಿ.

ಕೊನೆಗೆ ನಕ್ಷೆಯಲ್ಲಿ ಒಂದು ಚುಕ್ಕೆ ಇಡಿ. ಏರು ಶುರುವಾಗುವ ಮುನ್ನ ನಿಮ್ಮ ಗಾಡಿ ಸುಲಭವಾಗಿ ತಿರುಗಬಲ್ಲ ಕೊನೆಯ ಜಾಗ ಅದು. ದೊಡ್ಡ ಪಾರ್ಕಿಂಗ್ ಆಗಿರಬಹುದು, ಪೆಟ್ರೋಲ್ ಬಂಕ್ ಆಗಿರಬಹುದು. ಅಲ್ಲಿ ತಪ್ಪದೆ ನಿಲ್ಲಿಸಿ. ಕೆಳಗಿಳಿದು ಟೈರುಗಳನ್ನು ಒಮ್ಮೆ ನೋಡಿ, ಮುಂದಿನ ಫಲಕ ಓದಿ, ಮೇಲಿಂದ ಇಳಿದು ಬಂದ ಯಾರನ್ನಾದರೂ ರಸ್ತೆ ಹೇಗಿದೆ ಎಂದು ಕೇಳಿ. ಮಂಜು ಕವಿದಿದೆ, ಗಾಳಿ ಜೋರಾಗಿದೆ, ಜೊತೆಯಲ್ಲಿರುವವರಿಗೆ ಅಂಜಿಕೆ ಆಗುತ್ತಿದೆ, ಏನೇ ಇರಲಿ, ವಾಪಸ್ ತಿರುಗಲು ಅಲ್ಲಿ ಜಾಗ ಇದೆ. ಆ 110 ಕಿಲೋಮೀಟರಿನ ದಾರಿಯೂ ಅಲ್ಲಿಂದಲೇ ಸಿಗುತ್ತದೆ.